ಚಿಕ್ಕಮ್ಮನ ಆರು ವಾರದ ಖಳನಾಯಕ

ನಮ್ಮ ಚಿಕ್ಕಮ್ಮ ಇಪ್ಪತ್ತಾರು ವರ್ಷ ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಕಲೆ ತೆಗೆಯುವ ಕೆಲಸ ಮಾಡಿದಳು. ಆ ವರ್ಷಗಳಲ್ಲೇ ರೇಡಿಯೋಗೆ ನಾಟಕಗಳನ್ನೂ ಬರೆದಳು. "ಬೆಳಿಗ್ಗೆ ಕಲೆ ತೆಗೀತೀನಿ, ಸಾಯಂಕಾಲ ಕಲೆ ಮಾಡ್ತೀನಿ" ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಲಾಂಡ್ರಿಯ ಇಸ್ತ್ರಿಯವರು ಈ ಮಾತನ್ನು ಇಪ್ಪತ್ತಾರು ವರ್ಷವೂ ಕೇಳಿ, ಇಪ್ಪತ್ತಾರು ವರ್ಷವೂ ನಕ್ಕರು. ಅಷ್ಟು ಒಳ್ಳೆಯ ಜನ ಅವರು.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಕೆಳಗೆ ಎತ್ತರದ ಮೇಜು, ಮೇಜಿನ ಮೇಲೆ ಮಡಚಿಟ್ಟ ಬಿಳಿ ಟವೆಲು, ಸಾಲಾಗಿ ಚಿಕ್ಕ ಬಾಟಲಿಗಳು, ಸವೆದ ಹಲ್ಲುಜ್ಜುವ ಬ್ರಷ್ಷುಗಳು. ಚಿಕ್ಕಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ, ಬೆರಳಲ್ಲಿ ಸವರಿ, ಇದು ಮಸಿ, ಇದು ಎಣ್ಣೆ ಎಂದು ಹೇಳುತ್ತಿದ್ದಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ತಾಗಿದರೆ ಅದು ಅಲ್ಲೇ ಮನೆ ಮಾಡಿಕೊಳ್ಳುತ್ತದೆ. ಯಾವ ಔಷಧವನ್ನಾದರೂ ಮೊದಲು ಒಳಹೊಲಿಗೆಯ ಹತ್ತಿರ ಒಂದು ಹನಿ ಹಾಕಿ ನೋಡಬೇಕು. ಇದನ್ನೆಲ್ಲ ನನಗೂ ಕಲಿಸಿದ್ದಳು. ನಾಟಕಗಳನ್ನು ಬರೆಯುತ್ತಿದ್ದುದು ಒಗೆದ ಬಟ್ಟೆ ಸುತ್ತಿಕೊಡುವ ಕಂದು ಕಾಗದದ ಮೇಲೆ. ಆಮೇಲೆ ನಾನು ಅದನ್ನು ಬಿಳಿ ಹಾಳೆಗೆ ನಕಲು ಮಾಡಿಕೊಡುತ್ತಿದ್ದೆ.

ಅವಳ ನಾಟಕಗಳಲ್ಲಿ ಎಲ್ಲವೂ ಚೆನ್ನಾಗಿರುತ್ತಿತ್ತು, ಖಳನಾಯಕನೊಬ್ಬನನ್ನು ಬಿಟ್ಟು. ಅತ್ತೆ ಸೊಸೆ ಮಾತಾಡಿದರೆ ಪಕ್ಕದ ಮನೆಯ ಗೋಡೆಗೆ ಕಿವಿಯಿಟ್ಟ ಹಾಗಿರುತ್ತಿತ್ತು. ಆದರೆ ಕೆಟ್ಟವನು ಬಂದನೆಂದರೆ ಬಾಗಿಲು ಕಿರ್ರೆನ್ನುತ್ತಿತ್ತು. ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಆಮೇಲೆ ನಗುತ್ತಿದ್ದ. ಆ ನಗುವಿಗೇ ಕಾಗದದಲ್ಲಿ ಒಂದೂವರೆ ಸಾಲು ಮೀಸಲು. ಚಿಕ್ಕವಳಿದ್ದಾಗ ನಾನು ಸ್ನಾನದ ಮನೆಯಲ್ಲಿ ಅದನ್ನು ಅಭ್ಯಾಸ ಮಾಡಿ ಅಮ್ಮನಿಂದ ಬೈಸಿಕೊಂಡಿದ್ದೇನೆ.

ಒಂದು ವರ್ಷ ರೇಡಿಯೋದ ನಾಟಕ ವಿಭಾಗದ ನಿರ್ಮಾಪಕರು ಚಿಕ್ಕಮ್ಮನನ್ನು ಕರೆಸಿ ಆರು ವಾರದ ಧಾರಾವಾಹಿ ಬೇಕೆಂದರು. ಒಂದು ಸಂಸಾರದ ಕಥೆ, ಗಂಡ ಸರಿಯಿಲ್ಲ, ಅಷ್ಟೇ ಸಾಕು ಎಂದರು. ಚಿಕ್ಕಮ್ಮ ಹತ್ತು ದಿನದಲ್ಲಿ ಮೊದಲ ಕಂತು ಬರೆದುಕೊಂಡು ಹೋದಳು. ಅವರು ನಾಲ್ಕು ಪುಟ ಓದಿ ಕನ್ನಡಕ ತೆಗೆದಿಟ್ಟರು.

"ಇವನು ಬಾಯಿ ಬಿಡೋಕೆ ಮುಂಚೇನೇ ಇವನು ಕೆಟ್ಟವನು ಅಂತ ನನಗೆ ಗೊತ್ತಾಗಿಹೋಯ್ತು. ನನಗೆ ಗೊತ್ತಾಗಿದ್ದು ಅವನ ಹೆಂಡತಿಗೆ ಯಾಕೆ ಗೊತ್ತಾಗಲ್ಲ? ಆ ಮನೇಲಿ ಯಾರಿಗೂ ಕಿವಿ ಕೇಳಿಸಲ್ವಾ?"

ಚಿಕ್ಕಮ್ಮ ಹಾಳೆಗಳನ್ನು ಜೋಡಿಸಿಕೊಂಡಳು. ಅವರು ಮುಂದುವರಿಸಿದರು.

"ಜೊತೇಲಿ ಕೂತು ಒಂದು ಲೋಟ ಚಹಾ ಕುಡಿಯೋಣ ಅನ್ನಿಸೋ ಅಂಥ ಮನುಷ್ಯನ್ನ ಬರೀರಿ. ಅವನು ಎದ್ದು ಹೋದ ಮೇಲೆ ಕೇಳೋರ ಮೈ ತಣ್ಣಗಾಗಬೇಕು."

ಚಿಕ್ಕಮ್ಮನಿಗೆ ಮಾತು ನಾಟಿತು, ಆದರೆ ದಾರಿ ಕಾಣಲಿಲ್ಲ. ಅವಳು ಕೊನೆಗೆ ಕೇಳಿದ್ದು ನರ್ಸಮ್ಮನನ್ನು. ನರ್ಸಮ್ಮ ಲಾಂಡ್ರಿಯ ಹಳೆಯ ಗಿರಾಕಿ. ಮೂವತ್ತು ವರ್ಷ ಮಾನಸಿಕ ಆಸ್ಪತ್ರೆಯಲ್ಲಿ, ಅದರಲ್ಲಿ ಏಳು ವರ್ಷ ಜೈಲಿನಿಂದ ಕರೆತಂದವರ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪರದೆಗಳನ್ನು ಒಗೆಯಲು ಕೊಡಲು ಬಂದಾಗ ಚಿಕ್ಕಮ್ಮ ಅವರನ್ನು ಹಿಂದಿನ ಕೋಣೆಗೆ ಕರೆದು ಸ್ಟೂಲು ಹಾಕಿದಳು. ಕಾಲೇಜು ಮುಗಿಸಿ ಬಂದ ನಾನು ಒಂದು ಮೂಲೆಯಲ್ಲಿ ನಕಲು ಮಾಡುತ್ತ ಕೂತಿದ್ದೆ.

"ನಾಟಕದಲ್ಲಿ ಒಬ್ಬ ಕೆಟ್ಟವನಿದಾನೆ. ಹುಚ್ಚು ಅಂತ ಮಾಡಿದ್ರೆ ಹೇಗೆ?" ಎಂದು ಕೇಳಿದಳು ಚಿಕ್ಕಮ್ಮ.

ನರ್ಸಮ್ಮನ ಮುಖ ಗಂಟಾಯಿತು. "ದಯವಿಟ್ಟು ಹಾಗೆ ಮಾಡಬೇಡಿ. ಮನಸ್ಸಿಗೆ ಕಾಯಿಲೆ ಬಂದವರು ಹೆಚ್ಚಾಗಿ ಹೆದರಿಕೊಂಡಿರೋ ಜನ. ಯಾರಿಗೂ ಏನೂ ಮಾಡಿದವರಲ್ಲ. ಅವರ ತಲೆಗೆ ಇನ್ನೊಬ್ಬರ ಪಾಪ ಕಟ್ಟಬೇಡಿ."

"ಹಾಗಾದ್ರೆ ಇಂಥವರು ಯಾರು?"

ನರ್ಸಮ್ಮ ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡರು. "ನಾನು ಡಾಕ್ಟರಲ್ಲ, ಹೆಸರು ಅಂಟಿಸೋದು ನನ್ನ ಕೆಲಸ ಅಲ್ಲ. ನೋಡಿದ್ದು ಹೇಳ್ತೀನಿ. ಕೆಲವರು ಬರ್ತಿದ್ರು, ಬಂದ ಹತ್ತೇ ನಿಮಿಷಕ್ಕೆ ನಮಗೆಲ್ಲ ಇಷ್ಟ ಆಗಿಬಿಡೋರು. ನನ್ನ ಮಗಳ ಹೆಸರು, ಅವಳ ಪರೀಕ್ಷೆ ಯಾವತ್ತು ಅನ್ನೋದು, ಎಲ್ಲ ನೆನಪಿಟ್ಟುಕೊಂಡು ಕೇಳೋರು. ಒಬ್ಬರಿಗೆ ನೋವಾದ್ರೆ ನಮಗೆ ಎದೆಯಲ್ಲಿ ಚುರ್ ಅನ್ನುತ್ತಲ್ಲ, ಅದು ಅವರಿಗೆ ಅನ್ನಲ್ಲ. ಎಲ್ಲಿ ಮುಟ್ಟಿದ್ರೆ ನೋವಾಗುತ್ತೆ ಅಂತ ಮಾತ್ರ ನಮಗಿಂತ ಚೆನ್ನಾಗಿ ಗೊತ್ತು."

ಚಿಕ್ಕಮ್ಮ ಕಂದು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಳು.

"ತಪ್ಪು ಯಾವತ್ತೂ ಇನ್ನೊಬ್ಬರದು. ಪಶ್ಚಾತ್ತಾಪ ಅಂದ್ರೆ ಸಿಕ್ಕಿಬಿದ್ದೆನಲ್ಲ ಅನ್ನೋದಷ್ಟೇ. ಸುಳ್ಳು ಹೇಳೋಕೆ ಕಾರಣ ಬೇಕಾಗಿಲ್ಲ, ಬೇಜಾರಾದ್ರೂ ಸಾಕು. ಭಯ ಕಡಿಮೆ. ಮತ್ತೆ, ತಾನು ಕೆಟ್ಟವನು ಅಂತ ಅಂದುಕೊಂಡ ಒಬ್ಬನನ್ನೂ ನಾನು ಆ ವಾರ್ಡಿನಲ್ಲಿ ನೋಡಿಲ್ಲ."

ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ಈ ಪಟ್ಟಿ ಹಿಡ್ಕೊಂಡು ಊರೆಲ್ಲ ಹುಡುಕಬೇಡಿ. ಬೇಜಾರಾದ ದಿನ ಇದರಲ್ಲಿ ಅರ್ಧ ನನ್ನಲ್ಲೂ ಇರುತ್ತೆ, ನಿಮ್ಮಲ್ಲೂ ಇರುತ್ತೆ. ಒಂದು ದಿನ ಏನು ಮಾಡಿದ ಅನ್ನೋದಲ್ಲ, ಚಿಕ್ಕಂದಿನಿಂದ ಇವತ್ತಿನವರೆಗೂ ಏನು ಮಾಡ್ಕೊಂಡು ಬಂದ ಅನ್ನೋದನ್ನ ನೋಡಬೇಕು."

ಅವರು ಹೋದ ಮೇಲೆ ನೋಡಿದರೆ ಚಿಕ್ಕಮ್ಮನ ಬರವಣಿಗೆ ಅರ್ಧಕ್ಕೆ ನಿಂತುಹೋಗಿತ್ತು. ಅವಳು ನನ್ನನ್ನು ನೋಡಿದಳು, ಮತ್ತೆ ಬೇಗನೆ ಕಣ್ಣು ತಪ್ಪಿಸಿದಳು. ಅವಳಿಗೆ ಯಾರ ನೆನಪಾಯಿತೆಂದು ನನಗೆ ತಿಳಿಯಿತು, ಏಕೆಂದರೆ ನನಗೂ ಅದೇ ಮನುಷ್ಯನ ನೆನಪಾಗಿತ್ತು. ಅವನು ನಮ್ಮಪ್ಪ.

ಅಪ್ಪ ನಮ್ಮ ಜೊತೆ ಇದ್ದದ್ದು ನನಗೆ ಹದಿನಾಲ್ಕು ತುಂಬುವವರೆಗೆ. ನೋಡಲು ಲಕ್ಷಣವಂತ. ಬಾಯಿ ತೆರೆದರೆ ಬೀದಿಯವರೆಲ್ಲ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಯಾರ ನಡಿಗೆಯನ್ನಾದರೂ ಒಂದು ಸಲ ನೋಡಿದರೆ ಸಾಕು, ಹಾಗೇ ನಡೆದು ತೋರಿಸುತ್ತಿದ್ದ. ಒಂದು ದಿನ ಬೇರೆ ಊರಲ್ಲಿ ಕೆಲಸ ಸಿಕ್ಕಿತೆಂದು ಹೋದ. ಅಲ್ಲಿ ಇನ್ನೊಂದು ಸಂಸಾರವಿದೆ ಎಂದು ಆಮೇಲೆ ತಿಳಿಯಿತು. ಅವನು ಯಾರ ಮೇಲೂ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಹಾಗಾಗಿ ಅಮ್ಮನ ಕಷ್ಟ ಏನೆಂದು ಯಾರಾದರೂ ಕೇಳಿದರೆ ನಮ್ಮಿಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಅವನನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿಕೊಂಡಿದ್ದವಳು ಚಿಕ್ಕಮ್ಮ. ನಾನು ಹುಟ್ಟಿದ ಮಾರನೆಯ ವರ್ಷ ಅಮ್ಮ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು, ನನ್ನನ್ನು ಎತ್ತಿಕೊಂಡು, ಪಕ್ಕದ ಬೀದಿಯಲ್ಲಿದ್ದ ಅವಳ ಮನೆಗೆ ಹೋಗಿ, "ನನಗೆ ಅಲ್ಲಿರೋಕಾಗಲ್ಲ" ಎಂದಿದ್ದಳಂತೆ. "ಭಾವ ಅಂಥವರಲ್ಲ ಅಕ್ಕ, ನಿನಗೆ ಬಾಣಂತಿತನದ ದಣಿವು" ಎಂದು ಚಿಕ್ಕಮ್ಮ ಅದೇ ಸಂಜೆ ಅವಳನ್ನು ವಾಪಸ್ಸು ಕರೆದುಕೊಂಡು ಬಂದು ಬಿಟ್ಟಿದ್ದಳು. ಈ ಮಾತು ಅಕ್ಕತಂಗಿಯರ ನಡುವೆ ಮತ್ತೆ ಎಂದೂ ಬಂದಿರಲಿಲ್ಲ.

ಆ ವಾರ ಚಿಕ್ಕಮ್ಮ ಮೈಮೇಲೆ ಬಂದವಳಂತೆ ಬರೆದಳು. ನಾಟಕದ ಗಂಡ ಈ ಸಲ ನಗಲಿಲ್ಲ, ಬಾಗಿಲೂ ಕಿರ್ರೆನ್ನಲಿಲ್ಲ. ಆದರೆ ಅವನು ಕೂತರೆ ವಂಚನೆ, ನಿಂತರೆ ದ್ರೋಹ, ನೀರು ಕೇಳಿದರೂ ಅದರಲ್ಲೊಂದು ಒಳಸಂಚು. ನಿರ್ಮಾಪಕರು ಅದನ್ನೂ ಹಿಂದಿರುಗಿಸಿದರು. "ಇಲ್ಲಿ ಅವನು ಕಾಣಿಸ್ತಿಲ್ಲ. ಅವನ ಮೇಲೆ ನೀವು ಹಲ್ಲು ಕಡಿಯೋದು ಮಾತ್ರ ಕೇಳಿಸ್ತಿದೆ" ಎಂದರು.

ಮುಂದಿನ ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಅಮ್ಮ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದಳು. ವಾರವೆಲ್ಲ ಗೋಂದು ಮೆತ್ತಿಕೊಂಡ ಬೆರಳುಗಳಿಗೆ ಭಾನುವಾರವೂ ಏನಾದರೂ ಕೆಲಸ ಬೇಕು. ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ರಾಶಿ ಹಾಕಿಕೊಂಡು ಬಿಡಿಸುತ್ತಿದ್ದಳು. ಚಿಕ್ಕಮ್ಮ ಎದುರು ಕೂತು ತಾನೂ ಬಿಡಿಸತೊಡಗಿದಳು. ಬಟ್ಟಲು ಅರ್ಧ ತುಂಬಿದ ಮೇಲೆ ಬಾಯಿ ಬಿಟ್ಟಳು.

"ಅಕ್ಕ, ಭಾವನ್ನ ನಾಟಕದಲ್ಲಿ ತರಬೇಕು ಅಂತಿದೀನಿ. ನೀನು ಬೇಡ ಅಂದ್ರೆ ಬಿಡ್ತೀನಿ."

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು. "ಇಷ್ಟು ವರ್ಷ ಆದ ಮೇಲಾದ್ರೂ ಕೇಳಿದೆಯಲ್ಲ. ಏನು ಬೇಕು ನಿನಗೆ?"

"ಅವರು ಹೇಗಿದ್ರು ಅಂತ ಬೇಕು. ನಾನು ನೋಡಿದ್ದು ಹೊರಗಡೆಯಿಂದ."

ಅಮ್ಮ ಬಟಾಣಿ ಬಿಡಿಸುತ್ತಲೇ ಹೇಳಿದಳು. ಒಂದು ಸಲ ಅವಳು ಪರದೆ ಹಾಕಲು ಹೋಗಿ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಅಪ್ಪನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನವರನ್ನೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ. ನೀವು ಪುಣ್ಯ ಮಾಡಿದೀರಿ ಎಂದು ಒಬ್ಬಳು ಆಯಾ ಅಮ್ಮನ ಕಿವಿಯಲ್ಲಿ ಹೇಳಿದಳು. ಆಮೇಲೆ ಕಾರಿಡಾರಿನಲ್ಲಿ ಯಾರೋ ಹಳೆಯ ಗೆಳೆಯ ಸಿಕ್ಕ. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಹೋದ ಅಪ್ಪ ಮತ್ತೆ ಬರಲಿಲ್ಲ. ಅಮ್ಮ ಕೈಗೆ ಪಟ್ಟಿ ಹಾಕಿಸಿಕೊಂಡು, ಎರಡು ಗಂಟೆ ಬೆಂಚಿನ ಮೇಲೆ ಕಾದು, ಬಸ್ಸಿನಲ್ಲಿ ಮನೆಗೆ ಬಂದಳು. ಸಂಜೆ ಬಂದ ಅಪ್ಪ ಬಹಳ ಖುಷಿಯಲ್ಲಿದ್ದ. ಗೆಳೆಯ ಹೇಗೆ ಕುಂಟುತ್ತಾನೆಂದು ನಡೆದು ತೋರಿಸಿದ.

"ನಾನು ಅತ್ತುಬಿಟ್ಟೆ. ಅವರು ನನ್ನೇ ನೋಡ್ತಾ ನಿಂತ್ರು. ಸಿಟ್ಟಿಲ್ಲ, ಬೇಜಾರಿಲ್ಲ. ನಿಂತುಹೋದ ಗಡಿಯಾರಕ್ಕೆ ಏನಾಗಿರಬಹುದು ಅಂತ ನೋಡ್ತಾರಲ್ಲ, ಹಾಗೆ. ಮಾರನೇ ದಿನ ಎಲ್ಲರ ಹತ್ರ, ನಾನೇ ಅವರನ್ನ ಬಲವಂತವಾಗಿ ಕಳಿಸಿದೆ ಅಂತ ಹೇಳಿದ್ರು. ಎಷ್ಟು ಚೆನ್ನಾಗಿ ಹೇಳಿದ್ರು ಅಂದ್ರೆ, ನಾನೇ ಕಳಿಸಿದ್ನೋ ಏನೋ ಅಂತ ನನಗೇ ಅನುಮಾನ ಬಂತು."

ನಾನು ಅದುವರೆಗೆ ಯಾರಿಗೂ ಹೇಳದಿದ್ದುದನ್ನು ಆಗ ಹೇಳಿದೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಒಂದು ದಿನ ನನ್ನನ್ನು ಶಾಲೆಯಿಂದ ಕರೆದುಕೊಂಡು ಹೋಗಲು ತಡವಾಗಿ ಬಂದ. ಟೀಚರ್ ಕೇಳಿದ್ದಕ್ಕೆ, ಅಮ್ಮನಿಗೆ ದೊಡ್ಡ ಕಾಯಿಲೆ, ಹೆಚ್ಚು ದಿನ ಇಲ್ಲ ಎಂದುಬಿಟ್ಟ. ಹೇಳುವಾಗ ಅವನ ಕಣ್ಣು ತುಂಬಿತ್ತು. ಹೊರಗೆ ಬಂದು ನನಗೆ ಕಣ್ಣು ಹೊಡೆದ. ಆಮೇಲೆ ಒಂದು ತಿಂಗಳು ಟೀಚರ್ ನನ್ನ ತಲೆ ಸವರುತ್ತಿದ್ದರು, ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ನನಗೆ ಅದು ಹಿತವಾಗಿತ್ತು. ಹಾಗಾಗಿ ಸುಮ್ಮನಿದ್ದೆ.

"ನನಗೆ ಗೊತ್ತು" ಎಂದಳು ಅಮ್ಮ.

"ಹೇಗೆ?"

"ನಿನ್ನ ಟೀಚರ್ ನನ್ನ ನೋಡೋಕೆ ಹೂವು ತಗೊಂಡು ಮನೆಗೆ ಬಂದಿದ್ರು. ನಾನು ಮಂಚ ಎಳೆದು ಅದರ ಕೆಳಗೆ ಗುಡಿಸ್ತಿದ್ದೆ. ಪಾಪ, ಅವರಿಗೆ ಏನು ಹೇಳಬೇಕು ಅಂತ ತಿಳೀಲಿಲ್ಲ. ಕೂತ್ಕೊಂಡು ಒಂದು ಲೋಟ ನೀರು ಕುಡಿದು ಹೋದ್ರು."

ಮೂವರೂ ನಕ್ಕೆವು. ನಗು ನಿಂತ ಮೇಲೆ ಅಮ್ಮ ಇನ್ನೊಂದು ವಿಷಯ ಹೇಳಿದಳು. ಎದುರು ಮನೆಗೆ ಬೆಂಕಿ ಬಿದ್ದ ದಿನ ಬೀದಿಯವರೆಲ್ಲ ಕೂಗಾಡುತ್ತ ನಿಂತಿದ್ದಾಗ, ಅಪ್ಪ ಒಬ್ಬನೇ ಒದ್ದೆ ಕಂಬಳಿ ಹೊದ್ದು ಒಳಗೆ ಹೋಗಿ ಅಲ್ಲಿನ ಮುದುಕರನ್ನು ಎತ್ತಿಕೊಂಡು ಬಂದಿದ್ದ.

"ಬಂದು ಚಹಾ ಕೇಳಿದ್ರು. ಲೋಟ ಹಿಡಿದ ಕೈ ಒಂಚೂರೂ ನಡುಗ್ತಿರಲಿಲ್ಲ. ಅವತ್ತು ನನಗೆ ಹೆಮ್ಮೆ ಆಯ್ತು. ಇವತ್ತಿಗೂ ಇದೆ. ಅದನ್ನ ಬಿಟ್ಟು ಬರೆದ್ರೆ ಅದು ಅವರಲ್ಲ."

ಚಿಕ್ಕಮ್ಮ ಬರೆದುಕೊಳ್ಳುತ್ತಿರಲಿಲ್ಲ. ಅವಳ ಮುಂದಿನ ಬಟಾಣಿ ಹಾಗೇ ಇತ್ತು.

"ಅಕ್ಕ, ಅವತ್ತು ನಾನೇ ನಿನ್ನ ವಾಪಸ್ಸು ಕರ್ಕೊಂಡು ಬಂದು ಬಿಟ್ಟೆ."

"ಹೌದು. ಚೀಲಾನೂ ನೀನೇ ಹಿಡ್ಕೊಂಡಿದ್ದೆ."

ಅಮ್ಮ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಚಿಕ್ಕಮ್ಮ ಎದ್ದು ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಮುಖ ತೊಳೆದುಕೊಂಡಳು. ಅವಳು ಬಂದು ಕೂತ ಮೇಲೆ ಅಮ್ಮ ಮತ್ತೆ ಹೇಳಿದಳು. "ಬರಿ. ಆದ್ರೆ ಆ ಹೆಂಡತೀನ ಪೆದ್ದಿ ಮಾಡಬೇಡ. ಅವಳಿಗೆ ಗೊತ್ತಾಗಲಿಲ್ವಾ ಅಂತ ಎಲ್ಲರೂ ಕೇಳ್ತಾರೆ. ಅವಳಿಗೆ ಗೊತ್ತಿತ್ತು. ಹೇಳಿದ್ರೆ ನಂಬೋ ಒಂದು ಜೀವ ಇರಲಿಲ್ಲ, ಅಷ್ಟೇ. ಮತ್ತೆ ಅವಳಿಗೆ ಒಬ್ಬಳು ತಂಗೀನ ಇಡು."

ಚಿಕ್ಕಮ್ಮ ತಂಗಿಯನ್ನು ಇಟ್ಟಳು. ಆ ಪಾತ್ರ ಬರುವ ಭಾಗವನ್ನು ನಾನೇ ನಕಲು ಮಾಡಿದೆ, ಅದರಲ್ಲಿ ಅವಳು ತನಗೆ ಎಲ್ಲಿಯೂ ರಿಯಾಯಿತಿ ಕೊಟ್ಟಿರಲಿಲ್ಲ. ತಂಗಿ ಒಳ್ಳೆಯವಳು, ಚುರುಕಿನವಳು, ಅಕ್ಕನ ಮೇಲೆ ಪ್ರಾಣ ಇಟ್ಟವಳು. ಅಂಥವಳೇ ಮೂರು ಸಲ ಅಕ್ಕನನ್ನು ವಾಪಸ್ಸು ಕಳಿಸುತ್ತಾಳೆ. ಗಂಡನ ಪಾತ್ರಕ್ಕೆ ಮಾತ್ರ ಕಷ್ಟಪಡಬೇಕಾಗಲಿಲ್ಲ. ಅವನು ಜೋಕು ಹೇಳುತ್ತಾನೆ, ಬೆಂಕಿಗೆ ನುಗ್ಗುತ್ತಾನೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಹೆಂಡತಿಯನ್ನು ಮರೆತು ಹೋಗುತ್ತಾನೆ. ಅವನು ಕೆಟ್ಟವನೆಂದು ನಾಟಕದಲ್ಲಿ ಒಬ್ಬರೂ ಹೇಳುವುದಿಲ್ಲ. ನಿರ್ಮಾಪಕರು ಎರಡು ಸಲ ಓದಿದರು, ಒಂದು ಪದವನ್ನೂ ತಿದ್ದಲಿಲ್ಲ. ಆ ಪಾತ್ರಕ್ಕೆ, ಭಾನುವಾರ ಮಕ್ಕಳಿಗೆ ಕಥೆ ಹೇಳುತ್ತಿದ್ದ ಕಲಾವಿದರನ್ನು ಹಾಕಿಕೊಂಡರು. ಅಷ್ಟು ಮೆತ್ತಗಿನ ದನಿ ಇಡೀ ರೇಡಿಯೋ ನಿಲಯದಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಆರು ಬುಧವಾರ, ಮಧ್ಯಾಹ್ನ ಮೂರೂವರೆಗೆ ನಾಟಕ ಬಂತು. ಲಾಂಡ್ರಿಯಲ್ಲಿ ಆ ಅರ್ಧ ಗಂಟೆ ಇಸ್ತ್ರಿ ಪೆಟ್ಟಿಗೆಗಳು ನಿಲ್ಲುತ್ತಿದ್ದವು. ನಾಲ್ಕನೆಯ ವಾರದಿಂದ ನಿಲಯಕ್ಕೆ ಕಾಗದಗಳು ಬರತೊಡಗಿದವು. ನಿರ್ಮಾಪಕರು ಕೊನೆಗೆ ಒಂದು ಚೀಲದ ತುಂಬ ಕೊಟ್ಟು ಕಳಿಸಿದರು. ಚಿಕ್ಕಮ್ಮ ಆಸೆಯಿಂದ ಓದಲು ಕೂತವಳು ಹತ್ತು ಕಾಗದ ಮುಗಿಯುವ ಹೊತ್ತಿಗೆ ಬಿಳಿಚಿಕೊಂಡಳು. ಅರ್ಧಕ್ಕಿಂತ ಹೆಚ್ಚು ಜನ ಗಂಡನ ಪರ ಇದ್ದರು. ಇಷ್ಟು ಒಳ್ಳೆಯ ಮನುಷ್ಯನನ್ನು ಈ ಹೆಂಗಸು ಯಾಕೆ ಅನುಮಾನಿಸುತ್ತಾಳೆ ಎಂದು ಒಬ್ಬರು. ಬೆಂಕಿಗೆ ನುಗ್ಗಿ ಜೀವ ಉಳಿಸಿದವನಿಗೆ ಒಂದು ಸಣ್ಣ ಮರೆವನ್ನು ಕ್ಷಮಿಸಬಾರದೇ ಎಂದು ಇನ್ನೊಬ್ಬರು. ಒಬ್ಬ ನಿವೃತ್ತ ಮೇಷ್ಟ್ರು, ಇಡೀ ನಾಟಕದಲ್ಲಿ ಬುದ್ಧಿ ಇರುವವಳು ತಂಗಿ ಒಬ್ಬಳೇ ಎಂದು ಮೂರು ಪುಟ ಬರೆದಿದ್ದರು.

ಚಿಕ್ಕಮ್ಮ ಆ ಚೀಲವನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದು, "ನಾನು ಸೋತೆ ಅಕ್ಕ" ಎಂದಳು. ಅಮ್ಮ ಕಾಗದಗಳನ್ನು ಒಂದೊಂದಾಗಿ ಓದಿದಳು. ಮೇಷ್ಟ್ರ ಕಾಗದಕ್ಕೆ ಬರುವ ಹೊತ್ತಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಸೋತಿಲ್ಲ. ನಿನ್ನ ಭಾವನ್ನ ಹಾಗೇ ನಾಟಕಕ್ಕೆ ಇಳಿಸಿದೀಯ. ನೋಡು, ನನ್ನ ವಾಪಸ್ಸು ಬಿಟ್ಟು ಬರೋಕೆ ನೀನೊಬ್ಬಳೇ ಅಲ್ಲ, ಊರಿಗೆ ಊರೇ ತಯಾರಾಗಿದೆ."

ಅದಾಗಿ ಎರಡು ತಿಂಗಳಿಗೆ ಅಪ್ಪ ಲಾಂಡ್ರಿಗೆ ಬಂದ. ಯಾವುದೋ ಕೆಲಸಕ್ಕೆ ಊರಿಗೆ ಬಂದಿದ್ದನಂತೆ, ಕೋಟು ಒಗೆಯಲು ಕೊಡಬೇಕಿತ್ತಂತೆ. ನಾನು ಇರಲಿಲ್ಲ, ಚಿಕ್ಕಮ್ಮ ಆಮೇಲೆ ಹೇಳಿದ್ದು ಇದು. ಅವನು ಕೌಂಟರಿನ ಮೇಲೆ ಮೊಣಕೈ ಊರಿ, "ಏನಮ್ಮಾ, ದೊಡ್ಡ ನಾಟಕಕಾರ್ತಿ ಆಗಿಬಿಟ್ಟೆ" ಎಂದ. ಆರೂ ವಾರ ಕೇಳಿದ್ದನಂತೆ.

"ಹೇಗಿತ್ತು ಭಾವ?" ಎಂದು ಚಿಕ್ಕಮ್ಮ ಕೇಳಿದಳು.

"ಬಹಳ ಚೆನ್ನಾಗಿತ್ತು. ಆ ಮನುಷ್ಯ ಪಾಪ. ಅಷ್ಟು ಜೀವ ಇರೋ ಮನುಷ್ಯನಿಗೆ ಅವನನ್ನ ಅರ್ಥ ಮಾಡ್ಕೊಳ್ಳೋ ಜನ ಸಿಗಲಿಲ್ಲ. ನನಗೂ ಹಾಗೇ ಆಯ್ತಲ್ಲ ಅನ್ನಿಸ್ತು."

ಚಿಕ್ಕಮ್ಮ ಅವನ ಮುಖವನ್ನೇ ನೋಡಿದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಆಮೇಲೆ ಅವನು ಇಸ್ತ್ರಿಯವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದ. ಅವರಲ್ಲಿ ಒಬ್ಬರ ಮಗನ ಕಾಲುನೋವನ್ನೂ ನೆನಪಿಟ್ಟುಕೊಂಡು ಕೇಳಿದ. ನಿಲಯದ ಉದ್ಘೋಷಕರ ದನಿಯನ್ನು ಅಣಕಿಸಿ ತೋರಿಸಿದ.

"ಐದು ನಿಮಿಷಕ್ಕೆ ನಾನೂ ನಗ್ತಿದ್ದೆ ಕಣೇ" ಎಂದಳು ಚಿಕ್ಕಮ್ಮ. "ಎಲ್ಲ ಗೊತ್ತಿದ್ದೂ ನಗ್ತಿದ್ದೆ."

"ನನ್ನ ಬಗ್ಗೆ ಕೇಳಿದ್ನಾ?" ಎಂದೆ.

ಅವಳು ಇಲ್ಲ ಎಂದಳು. ಹೌದು ಎನ್ನಬಹುದಿತ್ತು, ನಾನು ನಂಬುತ್ತಿದ್ದೆ. ಅವಳು ಹಾಗೆನ್ನಲಿಲ್ಲ. ಅದಕ್ಕಾಗಿ ಅವಳ ಮೇಲಿನ ಗೌರವ ನನಗೆ ಒಂದು ತೂಕ ಹೆಚ್ಚಾಯಿತು.

ನಿಲಯದಿಂದ ಬಂದ ಆ ಕಾಗದಗಳ ಚೀಲದ ತಳದಲ್ಲಿ ಇನ್ನೊಂದು ಕಾಗದವಿತ್ತು. ಪೆನ್ಸಿಲಿನಲ್ಲಿ ಬರೆದದ್ದು, ಒಂದೇ ಸಾಲು: ಮೂರನೆಯ ವಾರದ ಆಸ್ಪತ್ರೆಯ ಬೆಂಚು ನಿಮಗೆ ಹೇಗೆ ಗೊತ್ತು? ಕೆಳಗೆ ಒಂದು ಬೇಕರಿಯ ವಿಳಾಸ ಇತ್ತು, ಹೆಸರಿರಲಿಲ್ಲ. ಇದಕ್ಕೆ ತಾನೇ ಉತ್ತರ ಬರೆಯುತ್ತೇನೆಂದು ಅಮ್ಮ ಅದನ್ನು ತೆಗೆದಿಟ್ಟುಕೊಂಡಳು. ಏನು ಬರೆದಳೋ ನಾನು ನೋಡಲಿಲ್ಲ. ಒಂದು ದಿನ ಆ ಕಾಗದ ಬರೆದ ಹೆಂಗಸು ಗ್ರಂಥಾಲಯಕ್ಕೆ ಬಂದಳು. ಇಬ್ಬರೂ ಓದುವ ಕೋಣೆಯಲ್ಲಿ ಒಂದು ಗಂಟೆ ಪಿಸುದನಿಯಲ್ಲಿ ಮಾತಾಡಿದರು. ಅವಳ ಗಂಡನೂ ಅಪ್ಪನಂಥವನೇ ಅಂತೆ. ಮನೆ ಬಿಟ್ಟು ಬರಲು ಈಗಲೇ ಆಗುವುದಿಲ್ಲ ಎಂದು ಅವಳು ಹೊರಟುಹೋದಳು. ಅಮ್ಮ ಒತ್ತಾಯ ಮಾಡಲಿಲ್ಲ. ನಾಲ್ಕು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಈ ಸಲ ಜೊತೆಗೆ ಇಬ್ಬರು ಮಕ್ಕಳು. ನಮ್ಮ ಮನೆಯಲ್ಲಿ ಹನ್ನೊಂದು ದಿನ ಇದ್ದು, ಆಮೇಲೆ ತನ್ನ ಅಣ್ಣನ ಊರಿಗೆ ಹೋದಳು. ಅಲ್ಲಿಯೂ ಬೇಕರಿಯಲ್ಲೇ ಕೆಲಸ ಮಾಡುತ್ತಾಳೆ, ವರ್ಷಕ್ಕೊಂದು ಸಲ ಅಮ್ಮನಿಗೆ ಬಿಸ್ಕತ್ತಿನ ಡಬ್ಬ ಕಳಿಸುತ್ತಾಳೆ.

ಈ ಸುದ್ದಿ ಹೇಗೋ ನಿರ್ಮಾಪಕರ ಕಿವಿಗೆ ಬಿತ್ತು. ಇದನ್ನೇ ಮುಂದಿನ ಧಾರಾವಾಹಿ ಮಾಡಿ ಎಂದು ಚಿಕ್ಕಮ್ಮನ ಬೆನ್ನು ಹತ್ತಿದರು. ಚಿಕ್ಕಮ್ಮ ಒಪ್ಪಲಿಲ್ಲ.

"ಆಕೆ ತನ್ನ ಕಥೇನ ನನಗೆ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಬೇರೆ ಏನಾದ್ರೂ ಬರ್ಕೊಡ್ತೀನಿ" ಎಂದಳು. ಮುಂದಿನ ತಿಂಗಳು ಒಂದು ಹಾಸ್ಯ ನಾಟಕ ಬರೆದುಕೊಟ್ಟಳು. ಅದು ಅಷ್ಟೇನೂ ಚೆನ್ನಾಗಿರಲಿಲ್ಲ.